ಸಿಡ್ನಿ, ಮೆಲ್ಬರ್ನ್: ಹೆಸರು ಯಾವುದಕ್ಕೆ, ಸೆಳೆತ ಯಾವುದಕ್ಕೆ?

ಆಸ್ಟ್ರೇಲಿಯಾಕ್ಕೆ ಮೊದಲ ಸಲ ಹೊರಡುವ ಕನ್ನಡಿಗರು, ಅದರಲ್ಲೂ ಅಲ್ಲಿ ನೆಲೆಸಿರುವ ಮಕ್ಕಳನ್ನು ನೋಡಲು ಹೋಗುವ ಹಿರಿಯರು, ಹೆಚ್ಚಾಗಿ ಕೇಳುವ ಪ್ರಶ್ನೆ ಒಂದಿದೆ: ದಿನಗಳು ಕಡಿಮೆ, ಖರ್ಚು ಹೆಚ್ಚು, ಹೀಗಿರುವಾಗ ನೋಡಬೇಕಾದದ್ದು ಸಿಡ್ನಿಯೋ ಮೆಲ್ಬರ್ನೋ? ಎರಡೂ ಐವತ್ತು ಲಕ್ಷಕ್ಕೂ ಮಿಕ್ಕಿ ಜನರಿರುವ ಮಹಾನಗರಗಳು. ನಡುವಿನ ದೂರ ರಸ್ತೆಯಲ್ಲಿ ಸುಮಾರು 880 ಕಿಲೋಮೀಟರ್, ವಿಮಾನದಲ್ಲಿ ಒಂದೂವರೆ ಗಂಟೆ. ಇವುಗಳ ಪೈಪೋಟಿ ಎಷ್ಟು ಹಳೆಯದೆಂದರೆ, 1901ರಲ್ಲಿ ಒಕ್ಕೂಟ ರಚನೆಯಾದಾಗ ಒಂದು ನಗರ ರಾಜಧಾನಿಯಾಗುವುದನ್ನು ಇನ್ನೊಂದು ಒಪ್ಪದೆ, ಕಡೆಗೆ ಕ್ಯಾನ್‌ಬೆರಾ ಎಂಬ ಹೊಸ ಊರನ್ನೇ ಕಟ್ಟಬೇಕಾಯಿತು. ಅದು ಸಿದ್ಧವಾಗುವ ತನಕ, ಅಂದರೆ 1927ರವರೆಗೆ, ಸಂಸತ್ತು ಮೆಲ್ಬರ್ನಿನಲ್ಲಿಯೇ ಸೇರುತ್ತಿತ್ತು. ಎರಡೂ ನಗರಗಳಲ್ಲಿ ಪ್ರವಾಸಿಯಾಗಿ ಓಡಾಡಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಸಿಡ್ನಿಗೆ ಹೆಸರು ಬಂದದ್ದು ಒಂದು ಜಾಗದಿಂದ, ಮೆಲ್ಬರ್ನಿಗೆ ಹೆಸರು ಬಂದದ್ದು ಕೆಲವು ತಾರೀಖುಗಳಿಂದ. ಪ್ರವಾಸಿಯ ದುಡ್ಡು, ಸಮಯ ಎರಡೂ ಈ ವ್ಯತ್ಯಾಸವನ್ನೇ ಅವಲಂಬಿಸಿವೆ.

ನಮ್ಮ ಮನೆಗಳಿಗೇ ಈ ಎರಡು ಊರುಗಳು ಬಂದ ದಾರಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಡಿಸೆಂಬರ್ 31ರ ಸಂಜೆ ಆರೂವರೆಗೆ ಟಿವಿ ಹಾಕಿದರೆ ಸಿಡ್ನಿಯ ಸೇತುವೆಯ ಮೇಲೆ ಹೊಸ ವರ್ಷದ ಬಾಣಬಿರುಸು ಕಾಣುತ್ತದೆ. ಡಿಸೆಂಬರ್ ಅಲ್ಲಿ ಬೇಸಿಗೆ; ಆಗ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಮುಂದೆ. ಆ ದೃಶ್ಯವನ್ನು ಒಮ್ಮೆ ನೋಡಿದ ಮಗುವೂ ಊರಿನ ಹೆಸರು ಹೇಳುತ್ತದೆ. ಮೆಲ್ಬರ್ನ್ ನಮಗೆ ತಲುಪುವುದು ಡಿಸೆಂಬರ್ 26ರ ಬೆಳಗಿನ ಜಾವ ಐದಕ್ಕೆ, ಬಾಕ್ಸಿಂಗ್ ಡೇ ಟೆಸ್ಟ್ ಪಂದ್ಯದ ಮೊದಲ ಚೆಂಡಿನೊಂದಿಗೆ. ಕ್ರಿಕೆಟ್ ಬಲ್ಲವರಿಗೆ ಆ ಊರು ಬಾಯಿಪಾಠ. ತಿಳಿಯದವರಿಗೆ ಅದೊಂದು ಹೆಸರು ಮಾತ್ರ, ಕಣ್ಣ ಮುಂದೆ ಯಾವ ಚಿತ್ರವೂ ಬರುವುದಿಲ್ಲ.

ಸೇತುವೆಯೂ ಒಪೆರಾ ಹೌಸೂ ಸೇರಿದ ಸಿಡ್ನಿಯ ಆ ಚಿತ್ರ ಸುಲಭವಾಗಿ ಆದದ್ದಲ್ಲ. ಬೆನೆಲಾಂಗ್ ಪಾಯಿಂಟ್ ಎಂಬ ಚಾಚುನೆಲದ ಮೇಲೆ ಸಂಗೀತ, ನಾಟಕಗಳಿಗಾಗಿ ಒಪೆರಾ ಹೌಸ್ ಕಟ್ಟಲು ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ 1957ರಲ್ಲಿ ಗೆದ್ದವರು ಡೆನ್ಮಾರ್ಕಿನ ಯೋರ್ನ್ ಉಟ್ಜಾನ್. ಆಗಿನ ಅಂದಾಜು ವೆಚ್ಚ 70 ಲಕ್ಷ ಆಸ್ಟ್ರೇಲಿಯನ್ ಡಾಲರ್; ಕೆಲಸ ಮುಗಿಯುವ ಹೊತ್ತಿಗೆ ಅದು 10 ಕೋಟಿ 20 ಲಕ್ಷಕ್ಕೆ ಏರಿತ್ತು, ಅದರ ಬಹುಪಾಲನ್ನು ಸರ್ಕಾರ ಲಾಟರಿ ನಡೆಸಿ ಕೂಡಿಸಿತು. ಛಾವಣಿಯ ಚಿಪ್ಪುಗಳನ್ನು ನಿಲ್ಲಿಸುವುದು ಹೇಗೆಂದು ವರ್ಷಗಟ್ಟಲೆ ಲೆಕ್ಕ ಹಾಕಿದ ಬಳಿಕ, ಎಲ್ಲ ಚಿಪ್ಪುಗಳನ್ನೂ ಒಂದೇ ಅಳತೆಯ ಗೋಳದಿಂದ ಕತ್ತರಿಸಿದ ತುಂಡುಗಳೆಂದು ಭಾವಿಸಿದರೆ ಅಚ್ಚು ಹಾಕಿ ಎರಕ ಹೊಯ್ಯಬಹುದು ಎಂಬ ಪರಿಹಾರ ಹೊಳೆಯಿತು. ಹೊಸ ಸರ್ಕಾರದೊಂದಿಗೆ ಹಣ ಮತ್ತು ಅಧಿಕಾರದ ವಿಷಯದಲ್ಲಿ ಮನಸ್ತಾಪ ಬಂದು ಉಟ್ಜಾನ್ 1966ರಲ್ಲಿ ರಾಜೀನಾಮೆ ಕೊಟ್ಟು ದೇಶ ಬಿಟ್ಟರು. 1973ರ ಅಕ್ಟೋಬರ್ 20ರಂದು ರಾಣಿ ಎರಡನೆಯ ಎಲಿಜಬೆತ್ ಕಟ್ಟಡವನ್ನು ಉದ್ಘಾಟಿಸಿದರು. 2007ರಲ್ಲಿ ಅದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮರುವರ್ಷ ತೀರಿಕೊಂಡ ಉಟ್ಜಾನ್, ಪೂರ್ಣಗೊಂಡ ತಮ್ಮ ಕಟ್ಟಡವನ್ನು ಒಮ್ಮೆಯೂ ಕಣ್ಣಾರೆ ನೋಡಲಿಲ್ಲ. ಒಂದು ನಗರದ, ಒಂದು ಖಂಡದ ಗುರುತನ್ನೇ ಕೊಟ್ಟ ಮನುಷ್ಯನಿಗೆ ಹೀಗಾಯಿತಲ್ಲ ಎಂಬ ಸಂಕಟ ಆ ಮೆಟ್ಟಿಲುಗಳನ್ನು ಹತ್ತುವಾಗ ನನ್ನನ್ನು ಬಿಡಲಿಲ್ಲ.

ಛಾಯಾಚಿತ್ರಗಳಲ್ಲಿ ಅಚ್ಚ ಬಿಳಿಯಾಗಿ ಕಾಣುವ ಆ ಛಾವಣಿ ಹತ್ತಿರದಿಂದ ಬಿಳಿಯಲ್ಲ ಎಂಬುದು ಹೋಗಿ ನೋಡಿದವರಿಗಷ್ಟೇ ತಿಳಿಯುವ ಸಂಗತಿ. ಸ್ವೀಡನ್ನಿನಲ್ಲಿ ತಯಾರಾದ ಹತ್ತು ಲಕ್ಷಕ್ಕೂ ಹೆಚ್ಚು ಸಣ್ಣ ಹೆಂಚುಬಿಲ್ಲೆಗಳಲ್ಲಿ ಕೆಲವು ಹೊಳಪಿನ ಬಿಳಿ, ಕೆಲವು ಹೊಳಪಿಲ್ಲದ ಕೆನೆಬಣ್ಣ. ಎರಡನ್ನೂ ಬಾಣದ ಮೊನೆಯ ಆಕಾರದಲ್ಲಿ ಜೋಡಿಸಿದ್ದಾರೆ. ಮೋಡ ಸರಿದು ಬಿಸಿಲು ಬಿದ್ದಾಗ ಹೊಳಪಿನ ಬಿಲ್ಲೆಗಳು ಮಿನುಗುತ್ತವೆ, ಮಿಕ್ಕವು ಬೆಳಕನ್ನು ಹೀರಿಕೊಂಡು ಶಾಂತವಾಗಿರುತ್ತವೆ. ಚಿತ್ರವನ್ನು ಸಾವಿರ ಸಲ ನೋಡಿದ್ದರೂ ನಿಜವಾದ ವಸ್ತು ನಿರಾಸೆ ಮಾಡದಿರುವುದಕ್ಕೆ ಇದೇ ಕಾರಣವೆಂದು ನನ್ನ ನಂಬಿಕೆ.

ಇಷ್ಟು ಪ್ರಸಿದ್ಧವಾದ ಜಾಗವನ್ನು ಹೊರಗಿನಿಂದ ನೋಡಲು ಸಿಡ್ನಿ ಒಂದು ಪೈಸೆಯನ್ನೂ ಕೇಳುವುದಿಲ್ಲ. ಮೆಟ್ಟಿಲುಗಳು, ಅಂಗಳ, ಪಕ್ಕದ ರಾಯಲ್ ಬೊಟಾನಿಕ್ ಗಾರ್ಡನ್, 1932ರಲ್ಲಿ ತೆರೆದ ಹಾರ್ಬರ್ ಬ್ರಿಡ್ಜಿನ ಕಾಲುದಾರಿ ಎಲ್ಲವೂ ಉಚಿತ. ಸೇತುವೆಯ ಕಮಾನನ್ನೇ ಹತ್ತಿಸುವ ದುಬಾರಿ ಸಾಹಸ ಪ್ರವಾಸವೂ ಇದೆ. ಕಾಲುದಾರಿಯಿಂದ ಕಾಣುವ ನೋಟವೇ ನನಗೆ ಸಾಕೆನಿಸಿತು. ದುಡ್ಡು ಕೊಟ್ಟು ಮಾಡಲೇಬೇಕಾದ ಕೆಲಸವೆಂದರೆ ಒಪೆರಾ ಹೌಸ್ ಬಳಿಯ ದೋಣಿಕಟ್ಟೆ ಸರ್ಕ್ಯುಲರ್ ಕೀಯಿಂದ ಕಡಲ ತೀರದ ಮ್ಯಾನ್ಲಿ ಬಡಾವಣೆಗೆ ಹೋಗುವ ದೋಣಿ ಹತ್ತುವುದು. ಅದು ಪ್ರವಾಸಿಗರಿಗೆಂದು ಮಾಡಿದ್ದಲ್ಲ, ಊರವರು ದಿನವೂ ಕೆಲಸಕ್ಕೆ ಓಡಾಡುವ ಸಾರ್ವಜನಿಕ ಸಾರಿಗೆ. ಬಸ್ಸು, ರೈಲುಗಳಿಗೆ ಬಳಸುವ ಓಪಲ್ ಕಾರ್ಡನ್ನೋ ನಮ್ಮ ಬ್ಯಾಂಕ್ ಕಾರ್ಡನ್ನೋ ಇಲ್ಲಿಯೂ ಮುಟ್ಟಿಸಿದರೆ ಸಾಕು. ದಿನಕ್ಕೆ ಇಷ್ಟೇ ಎಂಬ ಗರಿಷ್ಠ ಮಿತಿ ಇರುವುದರಿಂದ, ವಾರಾಂತ್ಯದಲ್ಲಿ ಆ ಮಿತಿ ಇನ್ನೂ ಕಡಿಮೆ ಇರುವುದರಿಂದ, ಶನಿವಾರ ಭಾನುವಾರಗಳಲ್ಲಿ ಎಷ್ಟು ಸುತ್ತಿದರೂ ಭಾರವಾಗದು. ಅರ್ಧ ಗಂಟೆಯ ಈ ಪಯಣದಲ್ಲಿ ಬಂದರಿನ ಬಾಯಿಯ ಎದುರು ಹಾಯುವಾಗ ಕಡಲಿನ ಅಲೆ ದೋಣಿಯ ಅಡಿಗೆ ಬಂದು ಎತ್ತಿ ಇಳಿಸುತ್ತದೆ. ಹಿಂದಿರುಗುವಾಗ ಒಪೆರಾ ಹೌಸೂ ಸೇತುವೆಯೂ ಒಂದರ ಹಿಂದೊಂದು ತೆರೆದುಕೊಳ್ಳುತ್ತವೆ.

ಬಂದರನ್ನು ಬಿಟ್ಟ ಸಿಡ್ನಿಗೆ ಇದೇ ಮಾತು ಅನ್ವಯಿಸುವುದಿಲ್ಲ. ನಗರ ಪಶ್ಚಿಮಕ್ಕೆ ಬಹುದೂರ ಹಬ್ಬಿದೆ, ನೀರಿನ ಅಂಚಿನ ವಸತಿಯ ಬಾಡಿಗೆ ವಿಪರೀತ. ವಿಮಾನ ನಿಲ್ದಾಣದಿಂದ ರೈಲಿನಲ್ಲಿ ಬರುವಾಗ ಮಾಮೂಲಿ ದರದ ಮೇಲೆ ನಿಲ್ದಾಣದ ಶುಲ್ಕವೆಂದು ದೊಡ್ಡ ಮೊತ್ತ ಸೇರುತ್ತದೆ. ನಾಲ್ಕು ಜನರ ಸಂಸಾರವಾದರೆ ಟ್ಯಾಕ್ಸಿಯ ಬಾಡಿಗೆಯೊಂದಿಗೆ ಹೋಲಿಸಿ ನೋಡಿಯೇ ಹತ್ತುವುದು ಒಳ್ಳೆಯದು. ನಮ್ಮ ಊಟ ಬೇಕೆನಿಸಿದರೆ ನಗರದ ಪಶ್ಚಿಮ ಭಾಗದ ಪ್ಯಾರಾಮ್ಯಾಟಾ ಪಕ್ಕದ ಹ್ಯಾರಿಸ್ ಪಾರ್ಕಿನ ವಿಗ್ರಾಮ್ ರಸ್ತೆಗೆ ರೈಲಿನಲ್ಲಿ ಹೋಗಿ ದೋಸೆ ತಿಂದು ಬರಬಹುದು.

ಮೆಲ್ಬರ್ನಿಗೆ ಪ್ರಕೃತಿ ಅಂಥ ಬಂದರನ್ನು ಕೊಡಲಿಲ್ಲ. 1851ರಲ್ಲಿ ಅದರ ಸುತ್ತಲಿನ ವಿಕ್ಟೋರಿಯಾ ಪ್ರಾಂತ್ಯದಲ್ಲಿ ಚಿನ್ನ ಸಿಕ್ಕ ಮೇಲೆ ಅದು ಕೆಲವೇ ದಶಕಗಳಲ್ಲಿ ಸಿಡ್ನಿಯನ್ನು ಮೀರಿಸಿ ಬೆಳೆಯಿತು. 1880ರ ಅಂತರರಾಷ್ಟ್ರೀಯ ವಸ್ತುಪ್ರದರ್ಶನಕ್ಕೆಂದು ಕಟ್ಟಿದ ರಾಯಲ್ ಎಕ್ಸಿಬಿಷನ್ ಬಿಲ್ಡಿಂಗ್ ಆ ಸಿರಿವಂತಿಕೆಯ ಸಾಕ್ಷಿ. 2004ರಲ್ಲಿ ಅದು, ಒಪೆರಾ ಹೌಸಿಗಿಂತ ಮೂರು ವರ್ಷ ಮೊದಲೇ, ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೂ ಅದರ ಚಿತ್ರ ತೋರಿಸಿ ಯಾವ ಊರೆಂದು ಕೇಳಿದರೆ ನಮ್ಮಲ್ಲಿ ಉತ್ತರ ಹೇಳುವವರು ವಿರಳ. ಕಟ್ಟಡ ಹಳೆಯದಾದ ಮಾತ್ರಕ್ಕೆ, ಮಾನ್ಯತೆ ಪಡೆದ ಮಾತ್ರಕ್ಕೆ ಲೋಕದ ನೆನಪಿನಲ್ಲಿ ಉಳಿಯುವುದಿಲ್ಲ.

ಹಾಗಾಗಿ ಮೆಲ್ಬರ್ನ್ ಬೇರೆ ದಾರಿ ಹಿಡಿಯಿತು. 1956ರಲ್ಲಿ ದಕ್ಷಿಣ ಗೋಳಾರ್ಧದ ಮೊದಲ ಒಲಿಂಪಿಕ್ಸ್ ಅಲ್ಲಿ ನಡೆಯಿತು. 1988ರಲ್ಲಿ ಹೊಸ ಟೆನಿಸ್ ಅಂಗಣಗಳನ್ನು ಕಟ್ಟಿ ಆಸ್ಟ್ರೇಲಿಯನ್ ಓಪನ್ ಪಂದ್ಯಾವಳಿಯನ್ನು ಊರಿನಲ್ಲೇ ಭದ್ರಪಡಿಸಿಕೊಂಡರು. ಅಡಿಲೇಡಿನಲ್ಲಿ ನಡೆಯುತ್ತಿದ್ದ ಫಾರ್ಮುಲಾ ಒನ್ ಕಾರು ಪಂದ್ಯವನ್ನು 1996ರಲ್ಲಿ ಆಲ್ಬರ್ಟ್ ಪಾರ್ಕಿಗೆ ಕರೆತಂದರು. ನವೆಂಬರಿನ ಮೊದಲ ಮಂಗಳವಾರ ನಡೆಯುವ ಕುದುರೆ ಪಂದ್ಯಕ್ಕೆ ಊರಿಗೆ ಊರೇ ರಜೆ. ಹೀಗೆ ವರ್ಷದ ಕೆಲವು ವಾರಗಳು ಲೋಕದ ಕಣ್ಣು ತನ್ನ ಮೇಲಿರುವಂತೆ ಮೆಲ್ಬರ್ನ್ ನೋಡಿಕೊಂಡಿದೆ. ಈ ದಾರಿಯಲ್ಲಿ ಅಪಾಯವೂ ಉಂಟು. 2026ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ನಡೆಸಲು ಒಪ್ಪಿದ್ದ ವಿಕ್ಟೋರಿಯಾ ರಾಜ್ಯ, ವೆಚ್ಚ ಏರಿತೆಂದು 2023ರಲ್ಲಿ ಹಿಂದೆ ಸರಿದಾಗ, ಕೂಟ ನಡೆಯಬೇಕಿದ್ದದ್ದು ರಾಜ್ಯದ ಇತರ ಪಟ್ಟಣಗಳಲ್ಲಾದರೂ ಕೆಟ್ಟ ಹೆಸರಿನ ಪಾಲು ಮೆಲ್ಬರ್ನಿಗೂ ಬಂತು.

ಈ ತಾರೀಖುಗಳಲ್ಲಿ ಕನ್ನಡಿಗರಿಗೆ ಹತ್ತಿರವಾದವು ಎಂಸಿಜಿ ಎಂದು ಎಲ್ಲರೂ ಕರೆಯುವ ಮೆಲ್ಬರ್ನ್ ಕ್ರಿಕೆಟ್ ಮೈದಾನದವು. 1877ರಲ್ಲಿ ಜಗತ್ತಿನ ಮೊದಲ ಟೆಸ್ಟ್ ಪಂದ್ಯವೂ 1971ರಲ್ಲಿ ಮೊದಲ ಏಕದಿನ ಅಂತರರಾಷ್ಟ್ರೀಯ ಪಂದ್ಯವೂ ನಡೆದದ್ದು ಇಲ್ಲಿಯೇ. ಆಸ್ಟ್ರೇಲಿಯಾ ನೆಲದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಕೂಡ ಇಲ್ಲಿಯದೇ: 1977ರ ಡಿಸೆಂಬರ್ ಕೊನೆಯಲ್ಲಿ ಶುರುವಾದ ಆ ಪಂದ್ಯದಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್ ಎರಡೂ ಇನಿಂಗ್ಸ್‌ಗಳಲ್ಲಿ 52 ರನ್ನಿಗೆ 6 ವಿಕೆಟ್ ಎಂಬ ಒಂದೇ ಲೆಕ್ಕ ಬರೆದರು. 2018ರಲ್ಲಿ ಬೆಂಗಳೂರಿನ ಮಯಂಕ್ ಅಗರ್ವಾಲ್ ಪದಾರ್ಪಣೆ ಮಾಡಿ 76 ರನ್ ಹೊಡೆದದ್ದೂ ಈ ಅಂಗಳದಲ್ಲಿ. ಪಂದ್ಯವಿಲ್ಲದ ದಿನಗಳಲ್ಲಿ ಮೈದಾನದ ಒಳಗನ್ನು ತೋರಿಸುವ ಪ್ರವಾಸ ಇರುತ್ತದೆ. ಟಿಕೆಟ್ಟಿನ ಬೆಲೆಗೆ ಮೋಸವಿಲ್ಲ. ಸುಮಾರು ಒಂದು ಲಕ್ಷ ಜನ ಕೂರುವ ಬಟ್ಟಲಿನ ಅಂಚಿನಲ್ಲಿ ನಿಂತು, ಖಾಲಿ ಕುರ್ಚಿಗಳ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋದರೆ ಬೌಂಡರಿಯ ಬಳಿ ಕಾಯುವ ಆಟಗಾರನ ಒಂಟಿತನ ಅರ್ಥವಾಗುತ್ತದೆ. ಕ್ರಿಕೆಟ್ಟಿನ ನೆನಪಿಲ್ಲದವರಿಗೆ ಮಾತ್ರ ಈ ಟಿಕೆಟ್ ಬೇಡ.

ಅಂತರರಾಷ್ಟ್ರೀಯ ಮನ್ನಣೆಯ ಮಾತು ಬಂದಾಗ ಮೆಲ್ಬರ್ನಿನವರು ಎತ್ತುವ ಇನ್ನೊಂದು ಸಂಗತಿ, ಎಕನಾಮಿಸ್ಟ್ ಇಂಟೆಲಿಜೆನ್ಸ್ ಯೂನಿಟ್ ಎಂಬ ಸಮೀಕ್ಷಾ ಸಂಸ್ಥೆ ಪ್ರಕಟಿಸುವ ವಾಸಯೋಗ್ಯ ನಗರಗಳ ಪಟ್ಟಿ. 2011ರಿಂದ 2017ರವರೆಗೆ ಸತತ ಏಳು ವರ್ಷ ಮೆಲ್ಬರ್ನ್ ಅದರಲ್ಲಿ ಮೊದಲನೆಯದಾಗಿತ್ತು. 2018ರಲ್ಲಿ ವಿಯೆನ್ನಾ ಆ ಸ್ಥಾನ ಪಡೆಯಿತು. ಆ ಪಟ್ಟಿ ಆಸ್ಪತ್ರೆ, ಶಾಲೆ, ಸುರಕ್ಷತೆ, ಮೂಲಸೌಕರ್ಯಗಳನ್ನು ತೂಗುವಂಥದ್ದು. ನಾಲ್ಕು ದಿನ ಇದ್ದು ಹೋಗುವವನಿಗೆ ಅದರಿಂದ ನೇರ ಪ್ರಯೋಜನವಿಲ್ಲ, ಓದಲು ಹೋಗುವ ವಿದ್ಯಾರ್ಥಿಗೆ, ಸಂಸಾರ ಹೂಡುವವರಿಗೆ ಇದೆ.

ಆದರೆ ಊರಿನ ನಡುಭಾಗದಲ್ಲಿ ಓಡಾಡುವಾಗ ಆ ಗುಣದ ಒಂದು ಅಂಶ ಪ್ರವಾಸಿಗೂ ದಕ್ಕುತ್ತದೆ. ಮೆಲ್ಬರ್ನಿನದು ಜಗತ್ತಿನಲ್ಲೇ ಅತಿ ದೊಡ್ಡ ಟ್ರಾಮ್ ಜಾಲ, ನಗರದ ಮಧ್ಯಭಾಗದಲ್ಲಿ ಟ್ರಾಮ್ ಪಯಣ ಪೂರ್ತಿ ಉಚಿತ. ಕಾಲು ನೋವಿರುವ ಹಿರಿಯರನ್ನು ಕರೆದೊಯ್ಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ: ಫ್ಲಿಂಡರ್ಸ್ ಸ್ಟ್ರೀಟ್ ನಿಲ್ದಾಣದ ಎದುರು ಹತ್ತಿ, ಗ್ರಂಥಾಲಯದ ಬಳಿ ಇಳಿದು, ಮತ್ತೆ ಹತ್ತಿ ಕ್ವೀನ್ ವಿಕ್ಟೋರಿಯಾ ಮಾರುಕಟ್ಟೆಗೆ ಹೋಗಲು ಕಾರ್ಡೇ ಬೇಡ. ಸ್ಟೇಟ್ ಲೈಬ್ರರಿಯ ಗುಮ್ಮಟದ ವಾಚನಾಲಯ 1913ರದು. ಎಂಟು ಮೂಲೆಯ ಆ ಕೋಣೆಯಲ್ಲಿ ಮೇಜುಗಳು ನಡುವಿನಿಂದ ಹೊರಕ್ಕೆ ಸಾಲುಸಾಲಾಗಿ ಚಾಚಿವೆ, ಪ್ರತಿ ಮೇಜಿಗೂ ಹಸಿರು ಮುಚ್ಚಿಗೆಯ ದೀಪವಿದೆ. ಯಾರು ಬೇಕಾದರೂ ಹೋಗಿ ಕೂತು ಓದಬಹುದು, ಪ್ರವೇಶ ಶುಲ್ಕವಿಲ್ಲ. ಯುನೆಸ್ಕೋ 2008ರಲ್ಲಿ ಮೆಲ್ಬರ್ನಿಗೆ ಸಾಹಿತ್ಯ ನಗರವೆಂಬ ಮನ್ನಣೆ ಕೊಟ್ಟದ್ದು ಸುಮ್ಮನೆ ಅಲ್ಲವೆಂದು ಅಲ್ಲಿ ಕೂತಾಗ ನನಗೆ ಮನವರಿಕೆಯಾಯಿತು. ಡೆಗ್ರೇವ್ಸ್ ಸ್ಟ್ರೀಟಿನಂಥ ಓಣಿಗಳ ಕಾಫಿಯ ರುಚಿ ಯುದ್ಧಾನಂತರ ವಲಸೆ ಬಂದ ಇಟಲಿಯವರು ಕಲಿಸಿಕೊಟ್ಟದ್ದು. ಫಿಲ್ಟರ್ ಕಾಫಿಯ ಹದಕ್ಕೆ ಒಗ್ಗಿದ ನಾಲಗೆಗೂ ಅದು ಒಪ್ಪಿಗೆಯಾಗುತ್ತದೆ.

ಕೊರತೆಗಳನ್ನು ಹೇಳುವುದಾದರೆ, ಮೆಲ್ಬರ್ನಿನ ಮುಖ್ಯ ವಿಮಾನ ನಿಲ್ದಾಣಕ್ಕೆ ಇನ್ನೂ ರೈಲಿಲ್ಲ, ಬಸ್ಸನ್ನೋ ಟ್ಯಾಕ್ಸಿಯನ್ನೋ ನಂಬಬೇಕು. ಹವೆ ಗಳಿಗೆಗೊಂದು ಬಗೆ. ಮಳೆಯ ಒಟ್ಟು ಪ್ರಮಾಣ ಸಿಡ್ನಿಯ ಅರ್ಧದಷ್ಟೇ ಆದರೂ, ತಣ್ಣನೆಯ ಗಾಳಿ ಯಾವಾಗ ಬೀಸುವುದೋ ತಿಳಿಯದ ಕಾರಣ ಬೇಸಿಗೆಯಲ್ಲೂ ಕೈಯಲ್ಲೊಂದು ಸ್ವೆಟರ್ ಇರಬೇಕು.

ಒಂದೇ ಊರಿಗೆ ಸಮಯವಿರುವವರಿಗೆ, ಅದರಲ್ಲೂ ಮತ್ತೆ ಹೋಗುವ ಅವಕಾಶ ಇಲ್ಲದವರಿಗೆ, ನಾನು ಸಿಡ್ನಿಯನ್ನೇ ಹೇಳುತ್ತೇನೆ. ಅದರ ಬಂದರು ವರ್ಷದ ಯಾವ ದಿನ ಹೋದರೂ ಕೈಬಿಡುವುದಿಲ್ಲ, 2022ರಲ್ಲಿ ಬೆಂಗಳೂರಿನಿಂದ ಸಿಡ್ನಿಗೆ ನೇರ ವಿಮಾನ ಶುರುವಾದದ್ದರಿಂದ ನಮಗೆ ಅದು ಇನ್ನಷ್ಟು ಹತ್ತಿರವಾಯಿತು. ತಿಂಗಳುಗಟ್ಟಲೆ ಇರುವವರಿಗೆ, ಓದಿಗೆ ಹೋಗುವವರಿಗೆ ನನ್ನ ಮತ ಮೆಲ್ಬರ್ನಿಗೆ. ಎರಡನ್ನೂ ನೋಡುವ ಅನುಕೂಲವಿದ್ದವರು ಒಂದು ಊರಿನಲ್ಲಿ ಇಳಿದು ಇನ್ನೊಂದರಿಂದ ಹೊರಡುವಂತೆ ಟಿಕೆಟ್ ಮಾಡಿಸಿದರೆ ಹಿಂದಿರುಗುವ ಓಡಾಟ ತಪ್ಪುತ್ತದೆ. ಖರ್ಚಿಗೆ ಅಂಜದವರು ಡಿಸೆಂಬರ್ 26ಕ್ಕೆ ಮೆಲ್ಬರ್ನಿನಲ್ಲಿದ್ದು, 31ಕ್ಕೆ ಸಿಡ್ನಿ ಸೇರಿ, ಅಲ್ಲಿ ನಡೆಯುವ ಹೊಸ ವರ್ಷದ ಟೆಸ್ಟ್ ಪಂದ್ಯದ ಒಂದು ದಿನವನ್ನಾದರೂ ನೋಡಿಕೊಂಡು ಬರಬಹುದು. ಆ ವಾರ ಎರಡೂ ಊರುಗಳಲ್ಲಿ ಕೋಣೆಗಳ ದರ ಗಗನಕ್ಕೇರುವುದರಿಂದ ವಸತಿಯನ್ನು ತಿಂಗಳುಗಳ ಮೊದಲೇ ಗೊತ್ತುಮಾಡಿಕೊಳ್ಳಬೇಕು.