ಎಕ್ಸ್‌ಪಲ್ಸ್ 200 4ವಿ: ಕೊಟ್ಟಿಗೆ ಬಾಗಿಲವರೆಗೂ ಹೋಗುವ ಬೈಕು

ನಾನು ಪಶುವೈದ್ಯೆ, ಕೆಲಸ ಮೂಡಿಗೆರೆ ತಾಲ್ಲೂಕಿನಲ್ಲಿ. ಹೀರೋ ಎಕ್ಸ್‌ಪಲ್ಸ್ 200 4ವಿ ಬಗ್ಗೆ ಬರುವ ವಿಮರ್ಶೆಗಳಲ್ಲಿ ಲಡಾಖ್, ಸ್ಪಿತಿ, ಗುಡ್ಡದ ಮೇಲಿಂದ ಹಾರಿಸಿದ ಫೋಟೋ ಇವೇ ಜಾಸ್ತಿ. ನನಗೆ ಬೇಕಾದದ್ದು ಬೇರೆ. ಹಸು ಕರು ಹಾಕಲು ಒದ್ದಾಡುತ್ತಿದೆ ಅಂತ ಬಾಳೂರು ಕಡೆಯಿಂದಲೋ ದೇವರಮನೆ ಕಡೆಯಿಂದಲೋ ಫೋನ್ ಬಂದರೆ, ಡಾಂಬರು ಮುಗಿದ ಮೇಲೆ ಉಳಿಯುವ ಆ ಕಡೇ ಎರಡು ಮೂರು ಕಿಲೋಮೀಟರ್ ದಾಟಬೇಕು, ಅದೂ ಜುಲೈ ಮಳೆಯಲ್ಲಿ. ಅದಕ್ಕೇ ಇದು ದಿನಾ ಕೆಲಸಕ್ಕೆ ಓಡಿಸುವವಳ ವಿಮರ್ಶೆ. ಕೂರಲು ಹೇಗಿದೆ, ರಿಪೇರಿಗೆ ಹೇಗಿದೆ, ಇವೆರಡೇ ನನ್ನ ಪ್ರಶ್ನೆ.

ಮೊದಲು ತೂಕದ ಮಾತು, ಯಾಕಂದರೆ ಮಿಕ್ಕಿದ್ದೆಲ್ಲ ಅದರ ಹಿಂದೆಯೇ ಬರುತ್ತದೆ. ಪೆಟ್ರೋಲ್ ತುಂಬಿಸಿದ ಎಕ್ಸ್‌ಪಲ್ಸ್ ಸುಮಾರು 159 ಕೆಜಿ. ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ 450 ಹತ್ತಿರ ಹತ್ತಿರ 196 ಕೆಜಿ. ಶೋರೂಮಿನಲ್ಲಿ ನಿಂತಾಗ ಈ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ. ಕಾಫಿ ತೋಟದ ಇಳಿಜಾರಿನ ಕೆಂಪು ಕೆಸರಿನಲ್ಲಿ ಗಾಡಿ ಮಗ್ಗುಲಾದಾಗ, ಸುತ್ತ ಒಂದು ನರಪಿಳ್ಳೆ ಇಲ್ಲದಾಗ ಗೊತ್ತಾಗುತ್ತದೆ. ಎಂಜಿನ್ ಆಫ್ ಮಾಡಿ, ಗೇರಿಗೆ ಹಾಕಿ, ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಬಿಡಿಸಿಟ್ಟು, ಸೀಟಿಗೆ ಬೆನ್ನು ಕೊಟ್ಟು, ಒಂದು ಕೈಯಲ್ಲಿ ಹ್ಯಾಂಡಲ್ ಇನ್ನೊಂದರಲ್ಲಿ ಕ್ಯಾರಿಯರ್ ಹಿಡಿದು ಕಾಲಿನ ಬಲದಿಂದ ಹಿಂದಕ್ಕೆ ಒತ್ತುತ್ತಾ ಎದ್ದರೆ ಇದು ಏಳುತ್ತದೆ. ಐದಡಿ ನಾಲ್ಕಿಂಚಿನ ನನಗೂ ಏಳುತ್ತದೆ.

ಸೀಟಿನ ಎತ್ತರ 825 ಮಿ.ಮೀ. ನನ್ನಂಥವರಿಗೆ ಎರಡೂ ಪಾದ ಪೂರ್ತಿ ಊರುವುದಿಲ್ಲ. ಸೀಟು ಮುಂದೆ ಸಪೂರವಾಗಿರುವುದರಿಂದ ಸ್ವಲ್ಪ ಎಡಕ್ಕೆ ಜಾರಿ ಕೂತರೆ ಒಂದು ಕಾಲು ಗಟ್ಟಿಯಾಗಿ ಊರಬಹುದು. ಗಿಡ್ಡ ಇದ್ದೇವೆ ಎಂದು ಹಿಂಜರಿಯುವವರಿಗೆ ಹೇಳುತ್ತೇನೆ, ಒಂದು ಕಾಲು ಸಾಕು, ಎರಡು ವಾರದಲ್ಲಿ ಮೈಗೆ ಹೊಂದುತ್ತದೆ. ಆದರೆ ಇದೇ ಗಾಡಿಯ ಇನ್ನೂ ಎತ್ತರದ ಪ್ರೋ ಮಾದರಿಯ ಹತ್ತಿರ ಹೋಗಬೇಡಿ, ಅದರ ಸೀಟು 891 ಮಿ.ಮೀ.

ಅದೇ ಸಪೂರ ಸೀಟು ದೂರದ ದಾರಿಗೆ ಒಗ್ಗುವುದಿಲ್ಲ. ಕಲ್ಲು ದಾರಿಯಲ್ಲಿ ಎದ್ದು ನಿಂತು ಓಡಿಸುವಾಗ ಮಂಡಿಯ ನಡುವೆ ಗಾಡಿ ಹಿಡಿತಕ್ಕೆ ಸಿಗಬೇಕು, ಅದಕ್ಕಾಗಿಯೇ ಇಂಥ ಬೈಕುಗಳ ಸೀಟು ಹೀಗಿರುತ್ತದೆ. ಮೂಡಿಗೆರೆಯಿಂದ ಕಳಸಕ್ಕೆ ಹೋಗಿ ಬರಲು ಏನೂ ತೊಂದರೆಯಿಲ್ಲ. ಹಾಸನ ದಾಟಿ ಬೆಂಗಳೂರಿನ ಕಡೆ ತಿರುಗಿಸಿದರೆ ಸೊಂಟ ಮಾತಾಡಲು ಶುರು ಮಾಡುತ್ತದೆ. ನಾನು ಚಿಕ್ಕಮಗಳೂರಿನಲ್ಲಿ ಸೀಟ್ ಕವರ್ ಹೊಲಿಯುವವರ ಹತ್ತಿರ ಹಿಂದಿನ ಅರ್ಧಕ್ಕೆ ಮಾತ್ರ ಗಟ್ಟಿ ಫೋಮ್ ಹಾಕಿಸಿ ಅಗಲ ಮಾಡಿಸಿದೆ, ಮುಂದಿನ ಭಾಗ ಮುಟ್ಟಬೇಡಿ ಅಂದೆ. ಮೆತ್ತನೆ ಫೋಮ್ ಕೇಳಬೇಡಿ, ಅರ್ಧ ಗಂಟೆಗೆ ಅಪ್ಪಚ್ಚಿಯಾಗಿ ಕೆಳಗಿನ ಪ್ಲಾಸ್ಟಿಕ್ ತಾಗುತ್ತದೆ. ಕಂಪನಿಯವರೇ ಎರಡು ಬಗೆಯ ಸೀಟು ಮಾರಿದರೆ ನನ್ನಂಥ ಎಷ್ಟೋ ಜನ ದುಡ್ಡು ಕೊಟ್ಟು ತಗೊಳ್ಳುತ್ತಾರೆ.

ಸಸ್ಪೆನ್ಷನ್ ಬಗ್ಗೆ ಮನಸಾರೆ ಹೊಗಳುತ್ತೇನೆ. ಮುಂದೆ 190 ಮಿ.ಮೀ., ಹಿಂದೆ 170 ಮಿ.ಮೀ. ಆಡುತ್ತದೆ, ನೆಲದಿಂದ 220 ಮಿ.ಮೀ. ಎತ್ತರ. ನನ್ನ ಹಿಂದೆ ಲಸಿಕೆ ಡಬ್ಬಿ ಇರುತ್ತದೆ. ಕಾಲುಬಾಯಿ ಜ್ವರದ ಲಸಿಕೆಯನ್ನು 2ರಿಂದ 8 ಡಿಗ್ರಿ ಒಳಗೇ ಇಡಬೇಕು, ಐಸ್ ಪ್ಯಾಕ್ ಒಂದಕ್ಕೊಂದು ಕುಟ್ಟಬಾರದು, ಗಾಜಿನ ಸೀಸೆ ಒಡೆಯಬಾರದು. ಗಾಡಿಯ ಜೊತೆಗೇ ಬರುವ ಕ್ಯಾರಿಯರ್ ಮೇಲೆ ಹಳೆ ಟ್ಯೂಬಿನ ಪಟ್ಟಿಯಿಂದ ಡಬ್ಬಿ ಬಿಗಿದರೆ ಅಲ್ಲಾಡುವುದಿಲ್ಲ. 21 ಇಂಚಿನ ಮುಂದಿನ ಚಕ್ರ ಮರದ ಬೇರು, ಚರಂಡಿ ಕಲ್ಲುಗಳ ಮೇಲೆ ಸುಮ್ಮನೆ ಹತ್ತಿ ಇಳಿಯುತ್ತದೆ.

ಇನ್ನು ಪಂಕ್ಚರ್. ಹಗುರ ಅಡ್ವೆಂಚರ್ ಬೈಕು ಓಡಿಸುವವರು ನಾಲ್ಕು ಜನ ಸೇರಿದರೆ ಇದೇ ಮಾತು. ಎಕ್ಸ್‌ಪಲ್ಸ್‌ನದು ಕಡ್ಡಿ ಚಕ್ರ. ಸಾಮಾನ್ಯ ಕಡ್ಡಿ ಚಕ್ರದಲ್ಲಿ ಕಡ್ಡಿಯ ನಿಪ್ಪಲ್‌ಗಳು ರಿಮ್ಮನ್ನು ತೂರಿ ಬರುತ್ತವೆ, ಆ ತೂತುಗಳಲ್ಲಿ ಗಾಳಿ ನಿಲ್ಲುವುದಿಲ್ಲ, ಹಾಗಾಗಿ ಟ್ಯೂಬ್ ಬೇಕೇ ಬೇಕು. ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್‌ನಲ್ಲಿ ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರು. ಮೊಳೆ ಚುಚ್ಚಿದರೆ ಚಕ್ರ ಬಿಚ್ಚದೆ ಐದು ನಿಮಿಷದಲ್ಲಿ ಮುಚ್ಚಬಹುದು. ಆದರೆ ಅಲಾಯ್ ಕಲ್ಲಿಗೆ ಬಡಿದು ಬಿರುಕು ಬಿಟ್ಟರೆ ಹಳ್ಳಿಯಲ್ಲಿ ಮದ್ದಿಲ್ಲ. ಕಡ್ಡಿ ಚಕ್ರ ಸೊಟ್ಟಗಾದರೆ ಸೈಕಲ್ ಶಾಪಿನವರೂ ಒಂದು ಮಟ್ಟಕ್ಕೆ ಸರಿ ಮಾಡಿ ಕಳಿಸುತ್ತಾರೆ. ಟ್ಯೂಬ್‌ಲೆಸ್ ಕಡ್ಡಿ ಚಕ್ರ ಹಿಮಾಲಯನ್ 450ಕ್ಕೆ ಆಯ್ಕೆಯಾಗಿ ಸಿಗುತ್ತದೆ. ಈ ಬೆಲೆಯ ಗಾಡಿಗೂ ಅದು ಬಂದರೆ ನಾನು ಬೇರೇನೂ ಕೇಳುವುದಿಲ್ಲ.

ಅಲ್ಲಿಯವರೆಗೆ ನನ್ನ ಚೀಲದಲ್ಲಿ 21 ಇಂಚಿನ ಒಂದೇ ಟ್ಯೂಬ್ ಇರುತ್ತದೆ. ಹಿಂದಿನ 18 ಇಂಚಿನ ಚಕ್ರಕ್ಕೂ ಅದನ್ನು ತುರ್ತಿಗೆ ತುರುಕಬಹುದು, ಊರು ಸೇರಿದ ಮೇಲೆ ಬದಲಾಯಿಸಿದರಾಯಿತು. ಎರಡು ಟೈರ್ ಲಿವರ್, ಆಕ್ಸಲ್ ನಟ್ಟಿಗೆ ಸರಿಹೊಂದುವ ಸ್ಪ್ಯಾನರ್, ಕಾಲಲ್ಲಿ ತುಳಿಯುವ ಪಂಪು, ಒಂದಿಷ್ಟು ಸೋಪಿನ ನೀರು ಇದ್ದರೆ ಆಯ್ತು. ಕಷ್ಟವಿರುವುದು ಗಾಡಿಯನ್ನು ಎತ್ತಿ ನಿಲ್ಲಿಸುವುದರಲ್ಲಿ, ಏಕೆಂದರೆ ಡಬಲ್ ಸ್ಟ್ಯಾಂಡ್ ಇಲ್ಲ. ಸೈಡ್ ಸ್ಟ್ಯಾಂಡಿನ ಮೇಲೆ ಗಾಡಿ ವಾಲಿಸಿ, ಬಲಗಡೆ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಕೆಳಗೆ ಕವೆಯಿರುವ ಕೋಲು ಕೊಟ್ಟರೆ ಹಿಂದಿನ ಚಕ್ರ ಮೇಲೇಳುತ್ತದೆ. ತೋಟದಲ್ಲಿ ಕವೆ ಕೋಲಿಗೆ ಬರವಿಲ್ಲ, ಹೆದ್ದಾರಿ ಪಕ್ಕ ಹುಡುಕಬೇಕು. ಡಬಲ್ ಸ್ಟ್ಯಾಂಡ್ ಎರಡು ಮೂರು ಕೆಜಿ ತೂಕ ಕೂಡಿಸುತ್ತದೆ, ಕಲ್ಲಿಗೂ ತಾಗುತ್ತದೆ ಎಂಬ ವಾದ ನನಗೆ ಗೊತ್ತು. ಬೇಕಾದವರು ನಾಲ್ಕು ಬೋಲ್ಟ್ ಬಿಚ್ಚಿ ತೆಗೆದಿಡುವಂತೆ ಮಾಡಿ ಕೊಡಲಿ.

ಡಬಲ್ ಸ್ಟ್ಯಾಂಡ್ ಇಲ್ಲದ್ದರ ಪೂರ್ತಿ ಬೆಲೆ ತೆರುವುದು ಚೈನು. ಮಲೆನಾಡಿನ ಮಳೆಗಾಲದಲ್ಲಿ ಕೆಸರು ಮತ್ತು ಮರಳು ಸೇರಿ ಚೈನನ್ನು ಅರೆಯುತ್ತವೆ. ವಾರಕ್ಕೊಮ್ಮೆಯಾದರೂ ಸೀಮೆಎಣ್ಣೆ ಬ್ರಷ್ಷಿನಿಂದ ತೊಳೆದು, ಒರೆಸಿ, ಎಣ್ಣೆ ಹಾಕಬೇಕು. ಚಕ್ರ ಗಾಳಿಯಲ್ಲಿ ತಿರುಗಿದರೆ ಹತ್ತು ನಿಮಿಷದ ಕೆಲಸ. ಇಲ್ಲವಾದರೆ ಗಾಡಿಯನ್ನು ಒಂದೊಂದು ಗೇಣು ಮುಂದೆ ತಳ್ಳುತ್ತಾ ಮಾಡಬೇಕು. ನಾನು ಹಿಂದಿನ ಚಕ್ರ ಎತ್ತಿ ಹಿಡಿಯುವ ಪ್ಯಾಡಕ್ ಸ್ಟ್ಯಾಂಡ್ ತಂದು ಮನೆಯಲ್ಲಿಟ್ಟಿದ್ದೇನೆ. ಚೈನ್ ಬಿಗಿ ಮಾಡುವಾಗ ಒಂದು ಎಚ್ಚರಿಕೆ: ಹಿಂದಿನ ಸಸ್ಪೆನ್ಷನ್ ಜಾಸ್ತಿ ಆಡುವ ಗಾಡಿಯಲ್ಲಿ ಕುಳಿತಾಗ ಚೈನ್ ಮತ್ತಷ್ಟು ಬಿಗಿಯಾಗುತ್ತದೆ. ನಿಂತ ಗಾಡಿಯಲ್ಲಿ ಟೈಟಾಗಿದ್ದರೆ ಓಡುವಾಗ ಗೇರ್‌ಬಾಕ್ಸಿನ ಬೇರಿಂಗ್ ಮೇಲೆ ಭಾರ. ಸ್ವಲ್ಪ ಸಡಿಲವೇ ಇರಲಿ.

ಎಂಜಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 199.6 ಸಿಸಿ, 19 ಪಿಎಸ್ ಆಸುಪಾಸು, ಗಂಟೆಗೆ 80ರಲ್ಲಿ ನೆಮ್ಮದಿ. ನನ್ನ ಮೆಕ್ಯಾನಿಕ್ ಹೇಳುವುದೇ ಸರಿ: “ಡಾಕ್ಟ್ರೇ, ಇದ್ರಲ್ಲಿ ರೇಡಿಯೇಟರ್ ಇಲ್ಲ, ನೀರು ಸೋರೋ ತಲೆನೋವೂ ಇಲ್ಲ.” ಎಣ್ಣೆ ತಂಪು ಮಾಡುವ ಕೂಲರ್ ಮಾತ್ರ ಎಂಜಿನ್ ಮುಂದೆ ಇದೆ. ಅದರ ಸಣ್ಣ ರೆಕ್ಕೆಗಳ ನಡುವೆ ಕೆಂಪು ಮಣ್ಣು ಒಣಗಿ ಕೂತರೆ ಗಾಳಿ ಆಡುವುದಿಲ್ಲ. ಬಕೆಟ್ ನೀರು, ಹಳೆ ಹಲ್ಲುಜ್ಜುವ ಬ್ರಷ್ ಸಾಕು. ವಾಟರ್ ಸರ್ವಿಸ್‌ನವರ ಪ್ರೆಷರ್ ಪೈಪನ್ನು ಅಲ್ಲಿಗೆ ಹಿಡಿಸಬೇಡಿ, ರೆಕ್ಕೆ ಮಡಚಿಕೊಳ್ಳುತ್ತವೆ. ಚಕ್ರದ ಬೇರಿಂಗ್ ಹತ್ತಿರವೂ ಹಿಡಿಸಬೇಡಿ, ಗ್ರೀಸ್ ತೊಳೆದುಹೋಗುತ್ತದೆ.

2023ರಲ್ಲಿ ಬಂದ ಬದಲಾವಣೆಗಳಲ್ಲಿ ನನಗೆ ನಿಜಕ್ಕೂ ಉಪಯೋಗವಾಗಿರುವುದು ಎರಡು. ಮುಂದಿನ ಗಾಜು 60 ಮಿ.ಮೀ. ಎತ್ತರವಾಯಿತು, ಚಾರ್ಮಾಡಿಯ ಗಾಳಿಮಳೆ ನೇರ ಎದೆಗೆ ಹೊಡೆಯುವುದು ಕಡಿಮೆ. ಚಕ್ರ ಜಾಮಾಗದಂತೆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವ ಎಬಿಎಸ್‌ಗೆ ರೋಡ್, ಆಫ್‌ರೋಡ್, ರ‍್ಯಾಲಿ ಎಂದು ಮೂರು ಬಗೆ ಬಂತು. ಜಾರು ಇಳಿಜಾರಿನಲ್ಲಿ ಆಫ್‌ರೋಡ್‌ಗೆ ಹಾಕಿದರೆ ಬ್ರೇಕ್ ಬೇಗ ಬೇಗ ಬಿಡುವುದಿಲ್ಲ. ಕೊಟ್ಟಿಗೆಹಾರದ ಮಂಜಿಗೆ ಮಾತ್ರ ಹಳದಿ ಫಾಗ್ ಲೈಟು ಬೇರೆ ಹಾಕಿಸಿದ್ದೇನೆ.

ಈಗ ಎಕ್ಸ್‌ಪಲ್ಸ್ 210 ಬಂದಿದೆ. ನೀರಿನಿಂದ ತಂಪಾಗುವ ಎಂಜಿನ್, 24.6 ಪಿಎಸ್, ಎರಡೂ ಚಕ್ರಕ್ಕೆ ಎಬಿಎಸ್, ತೂಕ ಸುಮಾರು 10 ಕೆಜಿ ಹೆಚ್ಚು. ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಬರುವವರು ಅದನ್ನೇ ನೋಡಿ. ತೋಟ, ಹಳ್ಳ, ಕೊಟ್ಟಿಗೆ ಎಂದು ಓಡಾಡುವವರಿಗೆ ಒಳ್ಳೆ ಸ್ಥಿತಿಯ 200 4ವಿ ಸಿಕ್ಕರೆ ಬಿಡಬೇಡಿ. ಕೊಳ್ಳುವ ಮುಂಚೆ ಚೈನ್ ಸ್ಪ್ರಾಕೆಟ್ಟಿನ ಹಲ್ಲು ನೋಡಿ, ಕಡ್ಡಿಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟಿ ಸದ್ದು ಕೇಳಿ, ಹ್ಯಾಂಡಲ್ ಎಡಬಲ ತಿರುಗಿಸಿ ಸ್ಟೇರಿಂಗ್ ಬೇರಿಂಗ್ ಕಚ್ಚುತ್ತದೆಯಾ ಪರೀಕ್ಷಿಸಿ. ಸೀಟು ಅಗಲ ಮಾಡಿಸಲು, ಪ್ಯಾಡಕ್ ಸ್ಟ್ಯಾಂಡ್ ತರಲು ಬೇರೆ ದುಡ್ಡು ತೆಗೆದಿಟ್ಟುಕೊಳ್ಳಿ.