ಹಾಡುವವರಿಗೊಂದು ಸ್ವಂತ ಮೈಕು: ಶ್ಯೂರ್ ಎಸ್‌ಎಂ58

ಈ ಮೈಕಿನ ಬಗ್ಗೆ ಸ್ಟುಡಿಯೋದವರು ಬರೆದದ್ದು ಬೇಕಾದಷ್ಟಿದೆ. ನಾನು ಬರೆಯುತ್ತಿರುವುದು ಬೇರೆಯವರಿಗಾಗಿ. ಮದುವೆ ರಿಸೆಪ್ಷನ್, ಉಪನಯನ, ಗಣಪತಿ ಪೆಂಡಾಲು, ರಾಜ್ಯೋತ್ಸವ, ಶಾಲೆಯ ವಾರ್ಷಿಕೋತ್ಸವ ಅಂತ ಕರೆದಲ್ಲಿಗೆಲ್ಲ ಹೋಗಿ ಹಾಡಿ, ಕವರಿನಲ್ಲಿ ಕೊಟ್ಟದ್ದನ್ನು ತಂಡದವರೊಟ್ಟಿಗೆ ಹಂಚಿಕೊಂಡು, ಕೊನೆಯ ಬಸ್ಸು ತಪ್ಪಿದರೆ ತಬಲಾದವರ ಓಮ್ನಿಯಲ್ಲಿ ಮನೆ ಸೇರುವವರಿಗಾಗಿ. ನಾನು ಸಾಗರದವಳು. ಭಾವಗೀತೆ, ದೇವರನಾಮ, ಜನಪದ ಹಾಡುತ್ತೇನೆ. ನಡುವೆ ಜಾಗ ಸಿಕ್ಕರೆ ನಾನೇ ರಾಗ ಹಾಕಿದ ಹಾಡೊಂದನ್ನು ನುಗ್ಗಿಸುತ್ತೇನೆ. ಬಾಕಿ ದಿನ ಮನೆಯಲ್ಲಿ ಮಕ್ಕಳಿಗೆ ಪಾಠ. ಆಷಾಢ ಬಂತೆಂದರೆ ಕಾರ್ಯಕ್ರಮವೂ ಇಲ್ಲ, ಕವರೂ ಇಲ್ಲ.

ಇಂಥ ಸಂಪಾದನೆಯಲ್ಲಿ ಹತ್ತು ಸಾವಿರದ ಆಸುಪಾಸಿನ ಮೈಕು ಕೊಳ್ಳಬೇಕೇ? ಕೊಳ್ಳಬೇಕು. ಹೊಸ ಕೀಬೋರ್ಡು, ಕಂಪ್ಯೂಟರಿಗೆ ಮೈಕು ಜೋಡಿಸುವ ಇಂಟರ್‌ಫೇಸು, ಫೋಟೋ ಶೂಟು ಎಲ್ಲಕ್ಕಿಂತ ಮೊದಲು.

ಒಂದು ಕಾರಣ ಬರೀ ವಾಸನೆ. ಶಾಮಿಯಾನ ಸೌಂಡ್ಸಿನವರು ತರುವ ಮೈಕಿನಲ್ಲಿ ಬೆಳಿಗ್ಗೆ ಪುರೋಹಿತರು ಮಂತ್ರ ಹೇಳಿರುತ್ತಾರೆ, ಮಧ್ಯಾಹ್ನ ಯಾರೋ 'ಗೇಟಿನ ಮುಂದೆ ನಿಲ್ಲಿಸಿದ ಬಿಳಿ ಕಾರು ತೆಗೆಯಬೇಕಂತೆ' ಎಂದು ಕೂಗಿರುತ್ತಾರೆ, ಸಂಜೆ ಸ್ವಾಗತ ಭಾಷಣ, ವಂದನಾರ್ಪಣೆ. ಅದರ ಜಾಲರಿಯಲ್ಲಿ ಎಲೆ ಅಡಿಕೆ, ತಂಬಾಕು, ಎಲ್ಲರ ಎಂಜಲು. ಹಾಡುವವರು ಅದಕ್ಕೆ ತುಟಿ ತಾಗುವಷ್ಟು ಹತ್ತಿರ ಹೋಗಬೇಕು. ಕೊರೋನಾ ಬಂದು ಹೋದರೂ ಆ ಜಾಲರಿ ತೊಳೆಯುವವರನ್ನು ನಾನು ಕಂಡಿಲ್ಲ.

ವಾಸನೆ ಸಹಿಸಿಕೊಳ್ಳಬಹುದು. ಅಸಲು ಕಾರಣ ಸಾಹಿತ್ಯ. ಮೈಸೂರು ಅನಂತಸ್ವಾಮಿಯವರೋ ಸಿ. ಅಶ್ವತ್ಥ್ ಅವರೋ ಸಂಯೋಜಿಸಿದ ಹಾಡು ಹಾಡಿದರೆ ಮೈಕು ಹಾಳಾಗಿದ್ದರೂ ನಡೆಯುತ್ತದೆ. ಜನಕ್ಕೆ ಅದು ಬಾಯಿಪಾಠ. ಕೇಳಿಸದ ಶಬ್ದವನ್ನು ಅವರೇ ತುಂಬಿಕೊಳ್ಳುತ್ತಾರೆ, ಎರಡನೇ ಸಾಲಿಗೆ ಚಪ್ಪಾಳೆಯೂ ಬರುತ್ತದೆ. ಹೊಸ ಹಾಡಿಗೆ ಆ ಆಸರೆ ಇಲ್ಲ. ಪಲ್ಲವಿಯ ಮೊದಲ ಸಾಲು ಹೋಳಿಗೆ ಬಡಿಸುವ ಗದ್ದಲ ದಾಟಿ ಅಕ್ಷರ ಅಕ್ಷರವಾಗಿ ತಲುಪದಿದ್ದರೆ ಮುಗಿಯಿತು, ಜನ ಮಾತಿಗೆ ತೊಡಗುತ್ತಾರೆ. ರಾಗ ಎಷ್ಟು ಚೆನ್ನಾಗಿದ್ದರೇನು? 'ಏನೋ ಹಾಡಿದಳು ಪಾಪ' ಎನ್ನುತ್ತಾರೆ. ನನ್ನ ಹಾಡುಗಳಲ್ಲಿ ಹೆಚ್ಚಿನವು ವಚನಗಳು. ವಚನಕ್ಕೆ ಯಾರ ಅನುಮತಿಯೂ ಬೇಡ. ಹೊಸಗಾಲದ ಕವಿಯದ್ದಾದರೆ ಅವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ವಾರಸುದಾರರದ್ದು, ಕೇಳದೆ ಮುಟ್ಟುವಂತಿಲ್ಲ. ಉಳಿದವು ನಮ್ಮ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಪದ್ಯಗಳು. 'ಹಾಡು ತಂಗಿ, ದುಡ್ಡು ಗಿಡ್ಡು ಬ್ಯಾಡ, ಹೆಸರೊಂದು ಹೇಳು' ಅಂದವರು. ಆ ಹೆಸರಾದರೂ ಕೊನೆಯ ಸಾಲಿನ ಕುರ್ಚಿಯವರೆಗೆ ಕೇಳಬೇಕಲ್ಲ.

ಈ ಮೈಕು ಮಾಡುವುದು ಅದನ್ನೇ, ಅದಕ್ಕಿಂತ ಹೆಚ್ಚೇನಲ್ಲ. ಬಾಯಿ ಹತ್ತಿರ ತಂದಷ್ಟೂ ಇಂಥ, ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಮೈಕುಗಳಲ್ಲಿ ಬೇಸು ಏರುತ್ತದೆ, ಧ್ವನಿ ಗುಡುಗುಡು ಎನ್ನಲು ಶುರು. ಇದರಲ್ಲಿ ಕೆಳಗಿನ ಬೇಸನ್ನು ಬೇಕೆಂದೇ ಇಳಿಸಿದ್ದಾರೆ, ಎರಡೂ ಸರಿದೂಗಲಿ ಎಂದು. ವ್ಯಂಜನಗಳು ಸ್ಪಷ್ಟವಾಗುವ ಮೇಲಿನ ಭಾಗವನ್ನು ತುಸು ಎತ್ತಿದ್ದಾರೆ. ಹಾಗಾಗಿ ತ, ಟ, ಸ, ಷ ಎಲ್ಲ ಬೇರೆ ಬೇರೆಯಾಗಿ ಕೇಳುತ್ತವೆ. ಉಂಡೆ ಜಾಲರಿಯೊಳಗೆ ಸ್ಪಂಜಿನ ಪದರವಿದೆ. ಭ, ಫ, ಪ ಬಂದಾಗ ಉಸಿರು ಹೊಡೆದು ಬರುವ ಧಪ್ ಸದ್ದನ್ನು ಅದು ಬಹುಮಟ್ಟಿಗೆ ತಡೆಯುತ್ತದೆ. ಪೂರ್ತಿ ಅಲ್ಲ. 'ಭಕ್ತಿ' ಎನ್ನುವಾಗ ಮೈಕನ್ನು ಗದ್ದದ ಕಡೆ ಸ್ವಲ್ಪ ಓರೆ ಮಾಡುವ ಅಭ್ಯಾಸ ಇಟ್ಟುಕೊಳ್ಳಿ.

ಎಸ್‌ಎಂ ಅಂದರೆ ಸ್ಟುಡಿಯೋ ಮೈಕ್ರೋಫೋನ್. ಅಮೆರಿಕದ ಶ್ಯೂರ್ ಕಂಪನಿ 1966ರಲ್ಲಿ ಇದನ್ನು ಹೊರತಂದದ್ದು ಸ್ಟುಡಿಯೋ, ಟೀವಿಯವರನ್ನು ಮನಸ್ಸಿನಲ್ಲಿಟ್ಟುಕೊಂಡು. ಸ್ಟೇಜಿನವರು ತಮ್ಮದು ಮಾಡಿಕೊಂಡರು. ಅಂದಿನಿಂದ ಇಂದಿನವರೆಗೆ ರೂಪ ಹೆಚ್ಚು ಬದಲಾಗಿಲ್ಲ. ನನ್ನಂಥವಳಿಗೆ ಇದರಲ್ಲಿರುವ ಲಾಭ ಒಂದೇ: ಜಾಲರಿ ಜಜ್ಜಿದರೆ, ಒಳಗೆ ಸದ್ದು ಹಿಡಿಯುವ ಕ್ಯಾಪ್ಸೂಲು ಹೋದರೆ, ಇವತ್ತಿಗೂ ಬಿಡಿಭಾಗ ಸಿಗುತ್ತದೆ.

ಇನ್ನು ಸ್ಟೇಜಿನ ಕಷ್ಟಗಳು. ಡಬ್ಬಿಯಲ್ಲಿ ಮೈಕು, ಜಿಪ್ಪಿನ ಚೀಲ, ಸ್ಟ್ಯಾಂಡಿಗೆ ಸಿಕ್ಕಿಸುವ ಕ್ಲಿಪ್ಪು ಇರುತ್ತವೆ, ಕೇಬಲ್ ಇರುವುದಿಲ್ಲ. ಹೆಸರಿನ ಕೊನೆಗೆ ಎಲ್‌ಸಿ ಅಂತಿದ್ದರೆ ಕೇಬಲ್ ಇಲ್ಲದ್ದು ಎಂದೇ ಅರ್ಥ. ಮೈಕಿನ ಬುಡದಲ್ಲಿರುವುದು ಮೂರು ಪಿನ್ನಿನ ಎಕ್ಸ್‌ಎಲ್‌ಆರ್. ನಮ್ಮ ಕಡೆ ಶಾಮಿಯಾನದವರ ಹಳೇ ಆಂಪ್ಲಿಫಯರುಗಳಲ್ಲಿ ಇರುವುದು ದಪ್ಪ ಜಾಕಿನ ತೂತು, ಅವರ ಭಾಷೆಯಲ್ಲಿ ಪಿ-38. ಆದ್ದರಿಂದ ಚೀಲದಲ್ಲಿ ಎರಡು ಕೇಬಲ್ ಬೇಕು: ಎರಡೂ ತುದಿ ಎಕ್ಸ್‌ಎಲ್‌ಆರ್ ಇರುವುದೊಂದು, ಇನ್ನೊಂದು ತುದಿಗೆ ಪಿ-38 ಇರುವುದೊಂದು. ಇದಿಲ್ಲದೆ ಹೋದರೆ ಹತ್ತು ಸಾವಿರದ ಮೈಕು ಚೀಲದಲ್ಲೇ ಉಳಿದು ಅದೇ ಎಲೆ ಅಡಿಕೆ ಮೈಕೇ ಗತಿ.

ಇದರ ಸಿಗ್ನಲ್ಲು ಕಮ್ಮಿ. ಸೌಂಡಿನ ಹುಡುಗ ತನ್ನ ಮೈಕಿಗೆ ಇಟ್ಟಿದ್ದ ಗೇನಿನಲ್ಲೇ, ಅಂದರೆ ಸಿಗ್ನಲ್ಲು ಹಿಗ್ಗಿಸುವ ಮಟ್ಟದಲ್ಲೇ, ನಮ್ಮದನ್ನು ಚುಚ್ಚಿ, 'ಅಕ್ಕಾ, ನಿಮ್ಮ ಮೈಕು ಸೌಂಡೇ ಬರಲ್ವಲ್ಲ' ಅನ್ನುವುದು ಮಾಮೂಲಿ. ಆಗ ನಾವು ಹೇಳಬೇಕಾದದ್ದು: ಗೇನ್ ಏರಿಸು ತಮ್ಮ, ಟ್ರೆಬಲ್ ನಡುವಿಗೆ ತಾ, ಎಕೋ ಅರ್ಧ ಮಾಡು. ಮೂರೇ ಮಾತು, ಅದೂ ನಗುನಗುತ್ತಾ. ಟ್ರೆಬಲ್ ವಿಷಯ ಹೆಣ್ಣುಮಕ್ಕಳು ವಿಶೇಷವಾಗಿ ಗಮನಿಸಬೇಕು. ಸ್ಪಷ್ಟತೆಗೆಂದು ಇದರಲ್ಲಿ ಮೊದಲೇ ಎತ್ತಿದ ಜಾಗವಿದೆಯಲ್ಲ, ಅದರ ಮೇಲೆ ಆಪರೇಟರೂ ಟ್ರೆಬಲ್ ತಿರುಗಿಸಿದರೆ ತಾರ ಸ್ಥಾಯಿಗೆ ಹೋದಾಗ ಕಿವಿಗೆ ಸೂಜಿ ಚುಚ್ಚಿದ ಹಾಗೆ. ಎಕೋ ಬಗ್ಗೆ ಮಾತಾಡಿ ಪ್ರಯೋಜನವಿಲ್ಲ. ಅದು ಅವರಿಗೆ ಮರ್ಯಾದೆಯ ಪ್ರಶ್ನೆ. ಅರ್ಧ ಮಾಡಿದರೂ ಪುಣ್ಯ.

ಹೌಲಿಂಗ್, ಅಂದರೆ ಬಾಕ್ಸಿನ ಸದ್ದು ಮತ್ತೆ ಮೈಕಿಗೆ ಹೊಕ್ಕು ಕೂಯ್ ಎನ್ನುವುದು, ಇದರಲ್ಲಿ ಕಮ್ಮಿ ಅನ್ನುವುದು ನಿಜ, ಆದರೆ ಷರತ್ತುಗಳಿವೆ. ಮುಂದಿನಿಂದ ಬಂದದ್ದನ್ನು ಚೆನ್ನಾಗಿ ಹಿಡಿದು, ಹಿಂದಿನಿಂದ, ಅಂದರೆ ಕೇಬಲ್ ಇರುವ ಕಡೆಯಿಂದ ಬಂದದ್ದನ್ನು ಬಿಡುವ ಮೈಕು ಇದು. ಸೌಂಡ್ ಬಾಕ್ಸನ್ನು ನಮ್ಮ ಬೆನ್ನ ಹಿಂದೆ ನಿಲ್ಲಿಸಿದರೆ ಮೈಕಿನ ಬಾಯಿ ನೇರ ಬಾಕ್ಸಿಗೇ ಎದುರಾಗುತ್ತದೆ, ಆಮೇಲೆ ಯಾವ ಕಂಪನಿಯದ್ದಾದರೂ ಕೂಯ್ ಎನ್ನುವುದೇ. ಬಾಕ್ಸು ಹಾಡುವವರಿಗಿಂತ ಮುಂದೆ ಇರಲಿ ಎಂದು ಬೇಗ ಹೋಗಿ ಹೇಳಬೇಕು. ಕಂಬಕ್ಕೆ ಹಗ್ಗ ಕಟ್ಟಿದ ಮೇಲೆ ಯಾರೂ ಕದಲಿಸುವುದಿಲ್ಲ. ಇನ್ನೊಂದು ಷರತ್ತು, ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯಬಾರದು. ಈಗಿನ ಹುಡುಗರು ರೀಲ್ಸ್ ನೋಡಿ ಹಾಗೆ ಹಿಡಿಯುತ್ತಾರೆ, ನೋಡಲಿಕ್ಕೆ ಜೋರಾಗಿದೆ. ಹಿಂದಿನ ಸದ್ದನ್ನು ಬಿಡುವ ಗುಣ ಬರುವುದೇ ಜಾಲರಿಯ ಹಿಂಭಾಗದಿಂದ ಗಾಳಿಯಾಡುವುದರಿಂದ. ಮುಚ್ಚಿದರೆ ಆ ಗುಣ ಹೋಗಿ ನಾಲ್ಕೂ ಕಡೆಯ ಸದ್ದು ಎಳೆಯುತ್ತದೆ, ಧ್ವನಿಯೂ ಮೂಗಿನಿಂದ ಬಂದಂತಾಗುತ್ತದೆ.

ಬಳೆಯ ವಿಷಯ ಯಾವ ವಿಮರ್ಶೆಯಲ್ಲೂ ನೋಡಿಲ್ಲ, ಆದ್ದರಿಂದ ನಾನೇ ಬರೆಯುತ್ತೇನೆ. ಮೈಕಿನ ಮೈ ಲೋಹದ್ದು. ಗಾಜಿನ ಬಳೆ ತಾಗಿದರೆ ಠಿಣ್ ಎಂದು ನೇರ ಬಾಕ್ಸಿನಲ್ಲಿ ಕೇಳುತ್ತದೆ, ಆಲಾಪದ ನಡುವೆ ಗಂಟೆ ಹೊಡೆದ ಹಾಗೆ. ಬಳೆ ತೆಗೆದಿಟ್ಟು ಹಾಡಬಹುದಲ್ಲ ಎನ್ನುವವರು ನಮ್ಮ ಕಡೆಯ ಮದುವೆ ಮನೆಗೆ ಬಂದವರಲ್ಲ. ಬರಿಗೈಯಲ್ಲಿ ಹಾಡಿದರೆ ರಾಗದ ಬಗ್ಗೆ ಒಬ್ಬರೂ ಮಾತಾಡುವುದಿಲ್ಲ, ಕೈಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಪರಿಹಾರ ಸ್ಟ್ಯಾಂಡು. ಕ್ಲಿಪ್ಪಿಗೆ ಸಿಕ್ಕಿಸಿ, ಕೈ ಹಾರ್ಮೋನಿಯಂ ಮೇಲೋ ಮಡಿಲಲ್ಲೋ ಇಟ್ಟುಕೊಂಡು ಹಾಡುವುದು. ಹೇಗೂ 298 ಗ್ರಾಂ ಭಾರವಿದೆ, ಗಂಟೆಗಟ್ಟಲೆ ಹಿಡಿದರೆ ಮಣಿಕಟ್ಟು ನೋಯುತ್ತದೆ.

ಸ್ವಿಚ್ಚಿಲ್ಲದ ಮಾದರಿಯನ್ನೇ ಕೊಳ್ಳಿ. ಸ್ವಿಚ್ಚಿರುವುದೂ ಬರುತ್ತದೆ, ಎಸ್‌ಎಂ58ಎಸ್ ಅಂತ. ಸ್ವಿಚ್ಚಿದ್ದರೆ ನಿರೂಪಕರು ಆರಿಸಿಟ್ಟು ಹೋಗುತ್ತಾರೆ, ನಾವು ಕಣ್ಣು ಮುಚ್ಚಿ ಪಲ್ಲವಿ ಎತ್ತಿಕೊಂಡಾಗ ಮೌನ. ಸ್ವಿಚ್ಚಿಲ್ಲದಿದ್ದರೆ ಕೆಮ್ಮು ಬಂದಾಗ ತೊಂದರೆ. ತಲೆ ತಿರುಗಿಸಿ ಕೆಮ್ಮಬೇಕು, ಅಷ್ಟೆ. ಜೊತೆಗೆ ಒಂದು ನಿಯಮ ಹಾಕಿಕೊಂಡಿದ್ದೇನೆ. ಭಾಷಣಕ್ಕೆ ನನ್ನ ಮೈಕು ಇಲ್ಲ. ಮುಖ್ಯ ಅತಿಥಿ ಯಾರೇ ಇರಲಿ. ಫೂ ಫೂ ಎಂದು ಊದಿ, ಬೆರಳಲ್ಲಿ ಠಕ್ ಠಕ್ ಬಡಿದು ಶುರು ಮಾಡುವವರಿಗೆ ಶಾಮಿಯಾನದ್ದೇ ಸರಿ. ಒಮ್ಮೆ ಅಧ್ಯಕ್ಷರಿಗೆ ಕೊಡಲಿಲ್ಲವೆಂದು ಸಂಘಟಕರು ಮುಖ ಗಂಟಿಕ್ಕಿದರು. ಮುಂದಿನ ವರ್ಷ ಕರೆದರು, ಕವರು ಮಾತ್ರ ತೆಳ್ಳಗಾಗಿತ್ತು.

ಬಾಳಿಕೆ ವಿಷಯದಲ್ಲಿ ಹೊಗಳಲೇಬೇಕು. ಓಮ್ನಿಯ ಹಿಂದೆ ತಬಲಾ, ಸ್ಟ್ಯಾಂಡುಗಳ ನಡುವೆ ಉರುಳಾಡಿದೆ, ವೇದಿಕೆಯಿಂದ ಬಿದ್ದಿದೆ, ಏನೂ ಆಗಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಸೀರೆಗೇ ಬೂಸಲು ಹಿಡಿಯುತ್ತದೆ. ಸ್ಟುಡಿಯೋಗಳಲ್ಲಿ ಬಳಸುವ ನಾಜೂಕಿನ ಕಂಡೆನ್ಸರ್ ಮೈಕಿಗೆ ಈ ತೇವ ಆಗಿಬರುವುದಿಲ್ಲ, ಇದರಂಥ ಡೈನಮಿಕ್ ಮೈಕು ತಡೆದುಕೊಳ್ಳುತ್ತದೆ. ಜಾಲರಿ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಅದನ್ನಷ್ಟೇ ಸೋಪಿನ ನೀರಲ್ಲಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಒಳಗಿನ ಕ್ಯಾಪ್ಸೂಲಿಗೆ ನೀರು ತಾಗಬಾರದು. ಮಳೆಗಾಲದಲ್ಲಿ ಒಣಗಲು ಎರಡು ದಿನ ಬೇಕಾದೀತು, ಕಾರ್ಯಕ್ರಮದ ಹಿಂದಿನ ರಾತ್ರಿ ತೊಳೆಯಲು ಹೊರಡಬೇಡಿ.

ಮನೆಯಲ್ಲಿ ರೆಕಾರ್ಡಿಂಗಿಗೆ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಆದರೆ ಪ್ರೀತಿಯಿಂದ ಹೇಳುತ್ತಿಲ್ಲ. ನಮ್ಮದು ಹೆಂಚಿನ ಮನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡಿನ ಮೇಲೆ ಮಳೆಯ ಸದ್ದು ನಿಲ್ಲುವುದಿಲ್ಲ, ಕಾರ್ಯಕ್ರಮವಿಲ್ಲದೆ ಕೂತು ರಾಗ ಹಾಕಲು ಬಿಡುವು ಸಿಗುವುದೂ ಆಗಲೇ. ಕಂಡೆನ್ಸರ್ ಮೈಕು ದೂರದಿಂದಲೇ ಎಲ್ಲವನ್ನೂ ಎಳೆದುಕೊಳ್ಳುತ್ತದೆ, ಮಳೆ, ಕುಕ್ಕರಿನ ಸೀಟಿ, ಪಕ್ಕದ ಮನೆಯ ಧಾರಾವಾಹಿ. ಎಸ್‌ಎಂ58ಕ್ಕೆ ಎರಡು ಬೆರಳ ದೂರದಲ್ಲಿ ಹಾಡಿದರೆ ನಮ್ಮ ಧ್ವನಿ ಅಷ್ಟು ಮುಂದೆ ಬಂದು ಮಳೆ ಹಿಂದೆ ಸರಿಯುತ್ತದೆ. ಪವಾಡವೇನಿಲ್ಲ, ಹತ್ತಿರ ನಿಂತದ್ದರ ಫಲ. ನಷ್ಟವೂ ಇದೆ. ಇದು ಹಿಡಿಯುವುದು 50ರಿಂದ 15,000 ಹರ್ಟ್ಸ್‌ವರೆಗೆ, ತೀರಾ ಮೇಲಿನ ಸದ್ದು ಬಿಟ್ಟುಹೋಗುತ್ತದೆ. ಉಸಿರಿನ ಎಳೆ, ತಂಬೂರಿಯ ಜವಾರಿಯ ಝೇಂಕಾರ, ಕೊಳಲಿನ ಗಾಳಿ ಎಲ್ಲ ಮಂಕಾಗುತ್ತವೆ. ಅಗ್ಗದ ಇಂಟರ್‌ಫೇಸಿನಲ್ಲಿ ಗೇನ್ ಕೊನೆಯವರೆಗೆ ತಿರುಗಿಸಬೇಕಾಗಿ ಬಂದು ಸುಯ್ ಎನ್ನುವ ಸದ್ದು ಸೇರುತ್ತದೆ. ಹಾಡಿನ ಕರಡು ಮಾಡಿ ತಂಡದವರಿಗೆ ವಾಟ್ಸಾಪ್ ಕಳಿಸಲು ಸಾಕು. ಯೂಟ್ಯೂಬಿಗೆ ಹಾಕುವ ಹಾಡಾದರೆ ಮಳೆ ನಿಂತ ಮೇಲೆ ಬೇರೆ ಮೈಕು ನೋಡಿಕೊಳ್ಳಿ.

ನಕಲಿ ಬಗ್ಗೆ ಎಚ್ಚರ. ಇಷ್ಟು ನಕಲಿ ಇರುವ ಮೈಕು ಬೇರೊಂದು ಇದೆಯೋ ಇಲ್ಲವೋ. ನಮ್ಮ ತಂಡದ ಕೀಬೋರ್ಡಿನ ಹುಡುಗ ಆನ್‌ಲೈನಿನಲ್ಲಿ ಎರಡು ಸಾವಿರಕ್ಕೆ ಸಿಕ್ಕಿತೆಂದು ಕುಣಿಯುತ್ತಾ ತಂದ. ಡಬ್ಬಿ, ಚೀಲ, ಹೆಸರು ಎಲ್ಲ ಥೇಟ್ ಅದೇ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಎರಡನ್ನೂ ಇಟ್ಟರೆ ಅವನದ್ದು ಹಗುರ. ಹಾಡಿ ನೋಡಿದರೆ ಇನ್ನೂ ಬೇಗ ಗೊತ್ತಾಯಿತು, ಸಕಾರಗಳೆಲ್ಲ ಸೀಳು. ಭಾರ ಸರಿ ಇದ್ದ ಮಾತ್ರಕ್ಕೆ ಅಸಲಿ ಎಂದು ನಂಬಬೇಡಿ, ತೂಕ ಸೇರಿಸುವುದು ಕಷ್ಟದ ಕೆಲಸವಲ್ಲ. ಅಧಿಕೃತ ಮಾರಾಟಗಾರರಲ್ಲಿ ಬಿಲ್ಲು ಹಾಕಿಸಿಯೇ ಕೊಳ್ಳಿ. ಅರ್ಧ ಬೆಲೆಗೆ ಹೊಸ ಎಸ್‌ಎಂ58 ಎಂದು ಯಾರಾದರೂ ಹೇಳಿದರೆ ಮಾತು ಅಲ್ಲಿಗೇ ನಿಲ್ಲಿಸಬಹುದು.

ಕೊಳ್ಳಬೇಡಿ ಎಂದು ನಾನು ಹೇಳುವುದು ಭಜನಾ ಮಂಡಳಿಯವರಿಗೆ. ಐದಾರು ಜನ ಸುತ್ತ ಕೂತು ನಡುವೆ ಒಂದು ಮೈಕು ಇಟ್ಟುಕೊಳ್ಳುವ ಪದ್ಧತಿಗೆ ಇದು ಸಲ್ಲ. ನೇರ ಎದುರು ಕೂತವರ ಧ್ವನಿ ಮಾತ್ರ ಕೇಳಿ, ಪಕ್ಕದವರು ತಾಳ ಹೊಡೆದದ್ದಷ್ಟೇ ಬರುತ್ತದೆ. ಅದೇ ಹತ್ತು ಸಾವಿರಕ್ಕೆ ಅವರು ಎರಡು ಮೂರು ಸಾದಾ ಮೈಕು, ಒಂದು ಸಣ್ಣ ಮಿಕ್ಸರು ತೆಗೆದುಕೊಂಡರೆ ಎಲ್ಲರ ಧ್ವನಿಯೂ ಕೇಳುತ್ತದೆ, ಜಗಳವೂ ಇರುವುದಿಲ್ಲ.