ವಾಟರ್‌ಪ್ರೂಫಿಂಗ್‌ಗೆ ಸಲಹೆಗಾರನ್ನ ಇಟ್ಕೊಳ್ಳೋರು ಮೊದ್ಲು ಇದನ್ನ ಓದಿ

ಕುಮಟಾ, ಅಂಕೋಲಾ, ಹೊನ್ನಾವರ ಕಡೆ ಈ ಬೇಸಿಗೆಲಿ ಸ್ಲ್ಯಾಬ್ ಹಾಕಿಸೋರಿಗೆ ಹೇಳ್ತಾ ಇದ್ದೇನೆ, ವಾಟರ್‌ಪ್ರೂಫಿಂಗ್ ಕನ್ಸಲ್ಟಂಟ್ ಅಂತ ಕಾರ್ಡ್ ಹಿಡ್ಕೊಂಡು ಬಂದವ್ರನ್ನೆಲ್ಲ ನಂಬ್ಬೇಡಿ. ನಮ್ಮನೆಗೆ ಬಂದವ ನಮ್ಮ ಹತ್ರ ಫೀಸೂ ತಗೊಂಡ, ಕೆಲ್ಸ ಮಾಡಿದ ಪಾರ್ಟಿ ಹತ್ರ ಕಮಿಷನ್ನೂ ತಗೊಂಡ, ಮನೆ ಮೊದಲ ಮಳೆಗಾಲಕ್ಕೇ ಸೋರಿತು.

ನಮ್ಮದು ಕುಮಟಾ ಹತ್ರ. ಹಳೇ ಹಂಚಿನ ಮನೆ ತೆಗ್ದು ಆರ್‌ಸಿಸಿ ಮಾಡ್ಸಿದ್ದು. ಅಪ್ಪಂಗೆ ಸ್ಲ್ಯಾಬ್ ಅಂದ್ರೆ ಮೊದ್ಲಿಂದ್ಲೂ ಹೆದ್ರಿಕೆ. ನಮ್ಮ ಕರಾವಳಿಲಿ ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಬೆಂಗಳೂರಿನ ಸುಮಾರು ಮೂರು ಪಟ್ಟು, ಅದೂ ಹೆಚ್ಚಿನದೆಲ್ಲ ಜೂನಿಂದ ಸೆಪ್ಟೆಂಬರ್ ಒಳಗೇ ಸುರೀತದೆ. ಅದ್ಕೇ ತಿಳ್ದವ್ರನ್ನ ಕೇಳಿಯೇ ಮಾಡ್ಸುವ ಅಂತ ಹೇಳಿ ದುಡ್ಡು ಕೊಟ್ಟು ಕರೆಸಿದ್ದು. ಕರೆಸೋದು ಸರಿಯೇ, ಈಗ್ಲೂ ನಾನು ಅದನ್ನೇ ಹೇಳ್ತೇನೆ, ಯಾರನ್ನ ಅನ್ನೋದೇ ಪ್ರಶ್ನೆ.

ಬಂದವ ಗೋಡೆಗೆ ತೇವ ಅಳೆಯೋ ಮೀಟರ್ ಒತ್ತಿ ನೋಡಿ ಫೋಟೋ ತೆಗ್ದ, ಟೆರೇಸಿಗೆ ಡಾಂಬರ್ ಶೀಟ್ ಹಾಕ್ಸಿ, ಇಂಥದ್ದೇ ಕಂಪನಿದು, ಇಂಥ ಪಾರ್ಟಿಯೇ ಮಾಡ್ಬೇಕು, ಬೇರೆಯವ್ರು ಮಾಡಿದ್ರೆ ನನ್ನ ಜವಾಬ್ದಾರಿ ಇಲ್ಲ ಅಂದ. ಸ್ಲೋಪ್ ಎಷ್ಟಿದೆ ಅಂತ ಲೆವೆಲ್ ಹಿಡ್ದು ನೋಡ್ಲೇ ಇಲ್ಲ. ಬರ್ದು ಕೊಡಿ ಅಂತ ಅಪ್ಪ ಕೇಳಿದ್ರೆ "ಹತ್ತು ವರ್ಷದ ವಾರಂಟಿ ಲೆಟರ್ ಬರ್ತದಲ್ಲ ರಾಯ್ರೇ, ಅದ್ಕಿಂತ ಎಂತ ಬೇಕು" ಅಂದ.

ಮೇ ಕೊನೆಗೆ ಒಂದು ಮಳೆ ಹೊಡೀತು, ಮರುದಿನ ಬಿಸ್ಲು ಬಿದ್ದ ಕೂಡ್ಲೇ ಗ್ಯಾಸ್ ಬರ್ನರ್ ಹಿಡ್ಕೊಂಡು ಬಂದ್ರು. ಸ್ಲ್ಯಾಬ್ ಮೇಲ್ಗಡೆ ಒಣಗಿದಂಗೆ ಕಾಣ್ತದೆ, ಒಳಗೆ ತೇವ ಇರ್ತದೆ, ಅದ್ರ ಮೇಲೆ ಶೀಟ್ ಕಾಯಿಸಿ ಅಂಟಿಸಿದ್ರೆ ತೇವ ಆವಿಯಾಗಿ ಗುಳ್ಳೆ ಏಳ್ತದೆ. ಅಣ್ಣ ಫೋನ್ ಮಾಡಿ ಕೇಳಿದ್ದಕ್ಕೆ ಕನ್ಸಲ್ಟಂಟ್ ಮಹಾಶಯ "ಏನಾಗಲ್ಲ, ಬೆಂಕಿಗೆ ಒಣಗ್ತದೆ" ಅಂದ. ಕೆಲ್ಸ ನಡೀವಾಗ ಸೈಟಿಗೆ ತಲೆ ಹಾಕ್ಲಿಲ್ಲ.

ಆರಿದ್ರಾ ಮಳೆಗೆ ಹಾಲಿನ ಫ್ಯಾನ್ ಬಾಕ್ಸಿಂದ ನೀರು ಬಂತು. ರಾಡ್ ಗುಂಟ ಇಳ್ದು ರೆಕ್ಕೆ ತುದಿಯಿಂದ ತೊಟ್ಟಿಕ್ಕೋದು, ಆಯಿ ಬಕೆಟ್ ಇಡೋದು, ಕರೆಂಟಿನ ಭಯಕ್ಕೆ ಮೇನ್ ಆಫ್ ಮಾಡಿ ಕತ್ಲೆಲಿ ಕೂರೋದು. ಮೇಲೆ ಹೋಗಿ ನೋಡಿದ್ರೆ ಶೀಟಿನ ತುಂಬ ಗುಳ್ಳೆ. ಒಂದನ್ನ ಕಾಲಲ್ಲಿ ಒತ್ತಿದ್ರೆ ಪಕ್ಕದ್ದು ಉಬ್ತಿತ್ತು, ಅಂದ್ರೆ ಅಡಿಗೆಲ್ಲ ನೀರು ಓಡಾಡ್ತಿದೆ. ಹೀಗಾದ್ರೆ ನೀರು ನುಗ್ಗೋದು ಒಂದು ಮೂಲೆಲಿ, ಸೋರೋದು ಇನ್ನೆಲ್ಲೋ, ಹುಡ್ಕಿ ಮುಗಿಯಲ್ಲ.

ಆ ಮನುಷ್ಯ ಫೋನೇ ಎತ್ಲಿಲ್ಲ. ಶೀಟ್ ಹಾಕಿದ ಪಾರ್ಟಿನ ಹಿಡ್ದು ಕೇಳಿದ್ರೆ ಅವ ಸಿಟ್ಟಲ್ಲಿ ಬಾಯಿ ಬಿಟ್ಟ, "ಅವ್ರಿಗೆ ಸ್ಕ್ವೇರ್ ಫೂಟಿಗೆ ಇಷ್ಟು ಅಂತ ಕೊಟ್ಟ ಮೇಲೆ ನಂಗೆಂತ ಉಳೀತದೆ ಸಾರ್, ಶೀಟ್ ಹಿಡಿಯೋಕೆ ಅಡಿಗೆ ಬಳಿಯೋ ಪ್ರೈಮರ್ ಸರೀ ಹೊಡಿಯೋಕೂ ಆಗ್ಲಿಲ್ಲ." ವಾರಂಟಿ ಲೆಟರ್ ಬಿಚ್ಚಿ ಓದಿದ್ರೆ ಬರೀ ಮಟೀರಿಯಲ್‌ಗೆ, ಕೂಲಿ ಸೇರಿಲ್ಲ, ನೀರು ನಿಲ್ಲೋ ಜಾಗಕ್ಕೆ ಅನ್ವಯಿಸಲ್ಲ ಅಂತ ಸಣ್ಣ ಅಕ್ಷರದಲ್ಲಿ. ಅಪ್ಪ ಆ ಕಾಗ್ದ ನೋಡ್ತಾ ಕೂತಿದ್ದು ನೆನ್ಸಿದ್ರೆ ಈಗ್ಲೂ ಹೊಟ್ಟೆ ಉರೀತದೆ.

ಆಮೇಲೆ ಸಿಕ್ಕವ್ರು ಶಿರಸಿ ಕಡೆಯ ಒಬ್ರು ರಿಟೈರ್ಡ್ ಇಂಜಿನಿಯರ್. ಏನನ್ನೂ ಮಾರಲ್ಲ, ಫೀಸ್ ಮಾತ್ರ. ಮಳೆ ಬಿಡೋ ತನಕ ತಾಡಪತ್ರಿ ಹೊದೆಸಿ, ಮತ್ತೇನೂ ಮುಟ್ಬೇಡಿ ಅಂದ್ರು. ದೀಪಾವಳಿ ಕಳ್ದು ಎಲ್ಲ ಒಣಗಿದ ಮೇಲೆ ಟೆರೇಸಿಗೆ ಸಣ್ಣ ಸಣ್ಣ ಕಟ್ಟೆ ಹಾಕ್ಸಿ, ಮಳೆ ನೀರು ಇಳಿಯೋ ಪೈಪ್ ಬಾಯಿ ಮುಚ್ಚಿ, ಒಂದೊಂದು ಭಾಗಕ್ಕೂ ಎರಡಿಂಚು ನೀರು ತುಂಬ್ಸಿ 48 ಗಂಟೆ ನಿಲ್ಸಿದ್ರು, ಮುಚ್ಚಿದ ಬಾಯಿ ಬಿಚ್ಚಿಯೂ ನೋಡಿದ್ರು. ದೊಡ್ಡ ತಪ್ಪು ಸಿಕ್ಕಿದ್ದು ಆ ಪೈಪ್ ಬಾಯಲ್ಲೇ. ಶೀಟನ್ನ ಪೈಪಿನ ಒಳಗೆ ಮಡ್ಚಿ ಇಳಿಸ್ಬೇಕಿತ್ತು, ಅವ್ರು ಬಾಯಿ ಸುತ್ತ ಬ್ಲೇಡಲ್ಲಿ ಕೊಯ್ದು ಹಂಗೇ ಬಿಟ್ಟಿದ್ರು, ಶೀಟಿಗೂ ಕಾಂಕ್ರೀಟಿಗೂ ನಡುವೆ ಉಗುರು ಹೋಗೋಷ್ಟು ಸಂದಿ, ಇಡೀ ಟೆರೇಸಿನ ನೀರು ಬಂದು ಸೇರೋದೇ ಅಲ್ಲಿಗೆ ಮಾರಾಯ್ರೆ! ಪ್ಯಾರಾಪೆಟ್ ಬುಡದಲ್ಲಿ ಗಾರೆಲಿ ಗೋಲಾಯಿ ಕೊಡದೆ, ಅಂದ್ರೆ ಮೂಲೆನ ಗುಂಡಗೆ ಮಾಡದೆ, ಶೀಟನ್ನ ನೇರ ಮಡ್ಚಿದ್ದಕ್ಕೆ ಅಲ್ಲೂ ಸೀಳಿತ್ತು. ಸ್ಲೋಪ್ 100 ಅಡಿಗೆ 1 ಅಡಿನಾದ್ರೂ ಬೇಕು, ನಮ್ಮದ್ರಲ್ಲಿ ಮಧ್ಯ ನೀರು ನಿಲ್ತಿತ್ತು. ಎಲ್ಲ ಕಿತ್ತು ಸ್ಲೋಪಿಂದ್ಲೇ ಹೊಸದಾಗಿ ಮಾಡ್ಸಿದ್ವಿ, ಖರ್ಚು ಡಬಲ್. ಬಿಟ್ಟಿದ್ರೆ ಇನ್ನೂ ಕಷ್ಟ ಇತ್ತು, ಕಡಲ ಹತ್ರದ ಉಪ್ಪಿನ ಗಾಳಿಗೆ ಒಳಗಿನ ರಾಡ್ ತುಕ್ಕು ಹಿಡ್ದು ಉಬ್ಬಿ ಸೀಲಿಂಗ್ ಕಾಂಕ್ರೀಟೇ ಕಳಚಿ ಬೀಳ್ತದೆ.

ಸಲಹೆಗಾರನ್ನ ಕರೆಸೋದಾದ್ರೆ ಸ್ಲ್ಯಾಬ್ ಹಾಕೋ ಮೊದ್ಲೇ ಕರೆಸಿ, ಪೈಪ್ ಎಲ್ಲಿ, ಬಾತ್‌ರೂಮ್ ಸ್ಲ್ಯಾಬ್ ಎಷ್ಟು ತಗ್ಗು ಅನ್ನೋದೆಲ್ಲ ಆಗ್ಲೇ ತೀರ್ಮಾನ ಆಗ್ಬೇಕು. ಮಾಲಿನವ್ರಿಂದ, ಕೆಲ್ಸದವ್ರಿಂದ ದುಡ್ಡು ತಗೊಳ್ಳಲ್ಲ ಅಂತ ಬರ್ಸಿ ಸೈನ್ ಹಾಕಿಸ್ಕೊಳ್ಳಿ. ನೀರು ನಿಲ್ಸಿ ನೋಡೋ ತನಕ ಯಾರಿಗೂ ಕೊನೇ ಬಿಲ್ ಕೊಡ್ಬೇಡಿ. ಆ ಮನುಷ್ಯ ಈಗ ಹೊನ್ನಾವರ ಕಡೆ ಸೈಟ್ ಹಿಡೀತಿದಾನೆ ಅಂತ ಕೇಳಿದೆ. ಇಂಥ ಪಾರ್ಟಿಯೇ ಮಾಡ್ಬೇಕು ಅಂತ ಬಾಯಿ ತೆಗ್ದ ಕೂಡ್ಲೇ ಯಾರೇ ಇರ್ಲಿ, ಚಾ ಕೊಟ್ಟು ವಾಪಸ್ ಕಳ್ಸಿ.